ಬೇಕೆಂದೇ ಕೆಡಿಸಿ ನೋಡಿದವರು: ಟೊಯೋಟದ ಲೆ ಮಾನ್ಸ್ ಸಿದ್ಧತೆಯ ಕುರಿತು

2018ರ ಜೂನ್‌ನಲ್ಲಿ ಟೊಯೋಟ ತಂಡವು ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸನ್ನು ಮೊದಲ ಬಾರಿಗೆ ಗೆದ್ದಾಗ, ಎದುರಾಳಿಗಳೇ ಇಲ್ಲದ ಕಣದಲ್ಲಿ ಗೆಲ್ಲುವುದರಲ್ಲಿ ಹೆಚ್ಚುಗಾರಿಕೆ ಏನಿದೆ ಎಂದು ಹಲವರು ಕೇಳಿದರು. ಮೇಲಿನ ದರ್ಜೆಯಿಂದ ಆಡಿ 2016ರ ಕೊನೆಗೆ, ಪೋರ್ಷೆ 2017ರ ಕೊನೆಗೆ ಹಿಂದೆ ಸರಿದಿದ್ದವು. ಹೈಬ್ರಿಡ್ ಕಾರು ಓಡಿಸುವ ಕಂಪನಿ ತಂಡವಾಗಿ ಉಳಿದದ್ದು ಟೊಯೋಟ ಒಂದೇ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ವರ್ಷ ರೇಸಿಗೆ ಮುನ್ನ ಆ ತಂಡ ನಡೆಸಿದ ಪರೀಕ್ಷಾ ಓಟಗಳನ್ನು ಬಲ್ಲವರು ಆ ಗೆಲುವನ್ನು ಅಷ್ಟು ಹಗುರವಾಗಿ ಕಾಣಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಮಾತನ್ನು 2016ರ ಜೂನ್ 19ರಿಂದ ಆರಂಭಿಸಬೇಕು. ನಮ್ಮಲ್ಲಿ ಆಗ ಭಾನುವಾರದ ಸಂಜೆ. ಆರೂವರೆಗೆ ರೇಸ್ ಮುಗಿಯಬೇಕಿತ್ತು. ಕಜುಕಿ ನಕಾಜಿಮಾ ಓಡಿಸುತ್ತಿದ್ದ ಐದನೇ ಸಂಖ್ಯೆಯ ಟೊಯೋಟ ಮುಂದಿತ್ತು, ಇನ್ನೇನು ಕೆಲವೇ ನಿಮಿಷಗಳು ಉಳಿದಿದ್ದವು. ಆಗ ರೇಡಿಯೊದಲ್ಲಿ ಅವರು ಕಾರಿನಲ್ಲಿ ಶಕ್ತಿಯೇ ಇಲ್ಲವೆಂದು ಕೂಗಿಕೊಂಡರು. ಕಾರು ನಿಧಾನವಾಗುತ್ತಾ ಬಂದು, ತನ್ನದೇ ತಂಡದವರ ಕಣ್ಣೆದುರಿಗೆ, ಮುಕ್ತಾಯದ ಗೆರೆಯ ಬಳಿಯಲ್ಲೇ ನಿಂತುಬಿಟ್ಟಿತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರ್ ಮತ್ತು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ನಡುವಿನ ಗಾಳಿಯ ಕೊಳವೆಯಲ್ಲಿದ್ದ ಒಂದು ಜೋಡಣೆ ಕೈಕೊಟ್ಟಿತ್ತು. ಹೇಗೋ ಕಾರನ್ನು ಮತ್ತೆ ಹೊರಡಿಸಿದರು. ಆದರೆ ಕೊನೆಯ ಸುತ್ತನ್ನು ಆರು ನಿಮಿಷದೊಳಗೆ ಮುಗಿಸಬೇಕೆಂಬ ನಿಯಮವಿದ್ದುದರಿಂದ ಆ ಕಾರಿನ ಹೆಸರು ಫಲಿತಾಂಶದ ಪಟ್ಟಿಗೇ ಸೇರಲಿಲ್ಲ. ಪೋರ್ಷೆ ಗೆದ್ದಿತು. ಆ ಸಂಜೆ ನಮ್ಮ ಮನೆಯಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಲೆ ಮಾನ್ಸ್ ಸರ್ಕ್ಯೂಟಿನ ಒಂದು ಸುತ್ತು 13.626 ಕಿಲೋಮೀಟರು. ಅದರಲ್ಲಿ ಹೆಚ್ಚಿನ ಭಾಗ ಸಾರ್ವಜನಿಕ ರಸ್ತೆ. ಆದ್ದರಿಂದ ತಂಡಗಳು ತಮಗೆ ಬೇಕಾದಾಗ ಅಲ್ಲಿಗೆ ಹೋಗಿ ಅಭ್ಯಾಸ ಮಾಡುವಂತಿಲ್ಲ. ದಕ್ಷಿಣ ಫ್ರಾನ್ಸಿನ ಪೌಲ್ ರಿಕಾರ್, ಸ್ಪೇನಿನ ಅರಗೋನ್‌ನಂಥ ಬೇರೆ ಟ್ರ್ಯಾಕುಗಳಲ್ಲಿ ಹಗಲು ರಾತ್ರಿ ಓಡಿಸಿ ಕಲಿಯಬೇಕು. ರೇಸ್ 24 ಗಂಟೆಯದ್ದಾದರೂ ಪರೀಕ್ಷೆಯನ್ನು 30 ಗಂಟೆಯವರೆಗೂ ಎಳೆಯುವುದುಂಟು. ಹೊರಗಿನಿಂದ ನೋಡುವ ನಮಗೆ ಒಂದು ಸುತ್ತಿಗೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಮುಖ್ಯವಾಗಿ ಕಾಣುತ್ತದೆ. ಗ್ಯಾರೇಜಿನ ಒಳಗಿರುವ ಎಂಜಿನಿಯರಿಗೆ ಬೇಕಾದದ್ದು ಎಷ್ಟನೇ ಗಂಟೆಯಲ್ಲಿ ಯಾವ ಭಾಗ ಸೋತಿತು, ಅದನ್ನು ಬದಲಿಸಲು ಎಷ್ಟು ನಿಮಿಷ ಬೇಕಾಯಿತು ಎಂಬ ಲೆಕ್ಕ. ಏನೂ ಕೆಡದೆ ಮುಗಿದ ಪರೀಕ್ಷೆಯಿಂದ ಅವನಿಗೆ ಸಿಗುವುದು ಬಹಳ ಕಡಿಮೆ.

2017ರಲ್ಲಿ ಟೊಯೋಟ ಮೂರು ಕಾರುಗಳನ್ನು ತಂದಿತ್ತು. ಕಮುಯಿ ಕೊಬಯಾಶಿ 3 ನಿಮಿಷ 14.791 ಸೆಕೆಂಡಿನಲ್ಲಿ ಸುತ್ತು ಮುಗಿಸಿ ಮೊದಲ ಸ್ಥಾನದಿಂದ ಹೊರಡುವ ಹಕ್ಕು ಪಡೆದಿದ್ದರು. ವೇಗದಲ್ಲಿ ಕೊರತೆಯೇ ಇರಲಿಲ್ಲ. ಆದರೆ ರೇಸಿನ ರಾತ್ರಿ, ಇಂಧನ ತುಂಬಿಸಲು, ಟೈರ್ ಬದಲಿಸಲು ಕಾರುಗಳು ನಿಲ್ಲುವ ಪಿಟ್‌ನ ತುದಿಯಲ್ಲಿ ಅವರು ನಿಂತಿದ್ದಾಗ ಬೇರೊಂದು ತಂಡದ ಚಾಲಕ ಬಳಿಗೆ ಬಂದು ಹೆಬ್ಬೆರಳೆತ್ತಿ ಶುಭ ಕೋರಿದರು. ಕೊಬಯಾಶಿ ಅವರನ್ನು ಟ್ರ್ಯಾಕಿನ ಅಧಿಕಾರಿಯೆಂದು ಭಾವಿಸಿ, ಹೊರಡಲು ಒಪ್ಪಿಗೆ ಸಿಕ್ಕಿತೆಂದುಕೊಂಡು ಹೊರಟರು. ತಂಡ ತಡೆಯಿತು. ಮತ್ತೆ ಹೊರಡಬೇಕಾಯಿತು. ಆ ಕಾರು ಪಿಟ್‌ನಿಂದ ಸಾಮಾನ್ಯವಾಗಿ ಬ್ಯಾಟರಿಯ ಬಲದಲ್ಲೇ ಹೊರಡುತ್ತದೆ. ಅಂದು ಗೊಂದಲದಲ್ಲಿ ಮತ್ತೆ ಮತ್ತೆ ಪೆಟ್ರೋಲ್ ಎಂಜಿನ್ನಿನ ಬಲದಿಂದ ಹೊರಟದ್ದರಿಂದ ಕ್ಲಚ್ ಸುಟ್ಟುಹೋಯಿತು. ಇನ್ನೊಂದು ಕಾರು ಡಿಕ್ಕಿಯಾಗಿ, ಟೈರ್ ಹರಿದು, ಪಿಟ್‌ವರೆಗೆ ತೆವಳಿಕೊಂಡು ಬರಲಾಗದೆ ದಾರಿಯಲ್ಲೇ ಉಳಿಯಿತು. ಮೂರನೆಯದು ಸುಮಾರು ಎರಡು ಗಂಟೆ ರಿಪೇರಿಯಲ್ಲೇ ಕಳೆಯಿತು.

ಈ ಕ್ಲಚ್ಚಿನ ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ, ಏಕೆಂದರೆ ನನ್ನ ಕೆಲಸವೂ ಪರೀಕ್ಷೆಯೇ. ನಾನು ಪಂಪುಗಳನ್ನು ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದೆ. ನಮ್ಮ ಬೆಂಚಿನ ಮೇಲೆ ನೂರಾರು ಗಂಟೆ ಓಡಿ ಪಾಸಾದ ಪಂಪೊಂದು ಗಿರಾಕಿಯ ಜಾಗದಲ್ಲಿ ಮೊದಲ ವಾರವೇ ಸೀಲು ಕಿತ್ತುಕೊಂಡಿತು. ಅಲ್ಲಿನ ಕೆಲಸಗಾರ ವಾಲ್ವುಗಳನ್ನು ನಾವು ಎಣಿಸಿದ್ದಕ್ಕಿಂತ ಹಿಂದುಮುಂದಾಗಿ ತೆರೆದಿದ್ದ. ಅವನದು ತಪ್ಪೆಂದು ವರದಿ ಬರೆಯುವಂತೆ ನನಗೆ ಸೂಚನೆ ಬಂತು. ನಾನು ಹಾಗೆಯೇ ಬರೆದೆ, ಇಂದಿಗೂ ಅದರ ನೋವಿದೆ. ಮನುಷ್ಯನ ಕೈ ತಪ್ಪಬಹುದೆಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಪರೀಕ್ಷೆ ನಮ್ಮದಾಗಿತ್ತು.

ಟೊಯೋಟ ಆ ಲೆಕ್ಕವನ್ನು ತೆಗೆದುಕೊಂಡಿತು. 2018ರ ಋತುವಿಗೆ ಮುನ್ನ ಅವರು ಕಾರಿನ ಬಾಳಿಕೆಯ ಜೊತೆಗೆ ತಂಡದ ಬುದ್ಧಿಯನ್ನೂ ಪರೀಕ್ಷೆಗೆ ಒಡ್ಡಿದರು. ಓಟದ ನಡುವೆ ಬೇಕೆಂದೇ ತೊಂದರೆಗಳನ್ನು ಹುಟ್ಟಿಸಿ, ಚಾಲಕರೂ ಎಂಜಿನಿಯರುಗಳೂ ಅದನ್ನು ಹೇಗೆ ನಿಭಾಯಿಸುತ್ತಾರೆಂದು ನೋಡಿದರು. ಒಂದು ಚಕ್ರ ಕಳೆದುಕೊಂಡ ಕಾರನ್ನು ಮೂರೇ ಚಕ್ರಗಳ ಮೇಲೆ ಗ್ಯಾರೇಜಿಗೆ ತರುವ ಅಭ್ಯಾಸವನ್ನೂ ಮಾಡಿಸಿದರು. ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ಕಾರನ್ನು ತಾವಾಗಿಯೇ ಕುಂಟಿಸುವುದಕ್ಕೆ ಎಂಥ ವಿನಯ ಬೇಕು! ನಮ್ಮ ಬಿಡದಿಯಲ್ಲಿ ಇನ್ನೋವಾ ತಯಾರಿಸುವ ಕಂಪನಿಯೂ ಇದೇ ಟೊಯೋಟ ಎಂಬುದನ್ನು ನೆನೆದಾಗ, ಈ ಪಾಠ ನಮಗೆ ಅಷ್ಟೇನೂ ದೂರದ್ದಲ್ಲ ಎನಿಸುತ್ತದೆ.

ಆ ವರ್ಷದ ರೇಸಿನಲ್ಲೂ ತೊಂದರೆಗಳು ಬಾರದೆ ಇರಲಿಲ್ಲ. ನಿಧಾನವಾಗಿ ಸಾಗಬೇಕಾದ ವಲಯದಲ್ಲಿ ಚಾಲಕ ಬುವೆಮಿ ವೇಗ ಮೀರಿದ್ದಕ್ಕೆ ಟೊಯೋಟದ ಎಂಟನೇ ಸಂಖ್ಯೆಯ ಕಾರಿಗೆ 60 ಸೆಕೆಂಡುಗಳ ದಂಡ ಬಿತ್ತು. ಮುಂದಿದ್ದ ತಂಡದ ಇನ್ನೊಂದು ಕಾರಿಗೂ ಅದಕ್ಕೂ ಉಂಟಾದ, ಎರಡು ನಿಮಿಷಕ್ಕೂ ಮಿಕ್ಕಿದ ಅಂತರದ ಬಹುಭಾಗವನ್ನು ಎಂಟನೇ ಕಾರಿನ ಮತ್ತೊಬ್ಬ ಚಾಲಕ ಅಲೋನ್ಸೊ ರಾತ್ರಿಯ ಕತ್ತಲಲ್ಲಿ ಅಳಿಸಿಹಾಕಿದರು. ಭಾನುವಾರ ಆ ಇನ್ನೊಂದು ಕಾರಿನಲ್ಲಿದ್ದ ಕೊಬಯಾಶಿ ಪಿಟ್‌ಗೆ ತಿರುಗಬೇಕಾದ ಸುತ್ತಿನಲ್ಲಿ ತಿರುಗದೆ ಮುಂದೆ ಹೋಗಿಬಿಟ್ಟರು. ಹಿಂದಿನ ವರ್ಷವಾಗಿದ್ದರೆ ಆ ಕಾರಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಈ ಸಲ ಉಳಿದ ಇಂಧನವನ್ನು ಹನಿಹನಿಯಾಗಿ ಬಳಸುತ್ತಾ ಇಡೀ ಸುತ್ತನ್ನು ನಿಧಾನವಾಗಿ ಕ್ರಮಿಸಿ ಮರಳಿ ಬಂದರು, ಎರಡನೇ ಸ್ಥಾನವನ್ನೂ ಉಳಿಸಿಕೊಂಡರು.

ಗೆದ್ದ ಎಂಟನೇ ಸಂಖ್ಯೆಯ ಕಾರು 388 ಸುತ್ತು, ಅಂದರೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಓಡಿತು. ಕೊನೆಯ ಸರದಿಯಲ್ಲಿ ಅದರ ಚಾಲಕನ ಸೀಟಿನಲ್ಲಿದ್ದವರು ನಕಾಜಿಮಾ. ಎರಡು ವರ್ಷಗಳ ಹಿಂದೆ ಕಾರು ನಿಂತುಹೋಗಿದ್ದ ಅದೇ ನೇರ ರಸ್ತೆಗೆ ಅವರು ತಿರುಗಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಕಾರು ನಿಲ್ಲಲಿಲ್ಲ.