ಟಕ್ ಟಕ್ ಸದ್ದಿಗೆ ಕಿವಿ ಬೇಕು

ಗ್ಯಾರೇಜಿನ ಬಿಲ್ಲಿನ ಕೊನೆಯಲ್ಲಿ ಬರೆದಿತ್ತು: ‘ಸದ್ದು ಕಂಡುಬಂದಿಲ್ಲ.’ ಅದರ ಕೆಳಗೆ 118 ಯೂರೋ. ದುಡ್ಡು ಕಟ್ಟಿ, ಕೀ ಇಸ್ಕೊಂಡು, ಹಳೇ ಪೇಟೆಯ ಕಲ್ಲುಹಾಸಿನ ಬೀದಿಗೆ ಕಾರು ತಿರುಗಿಸಿದೆ. ಮುಂದಿನ ಎಡಗಡೆ ಚಕ್ರದ ಹತ್ತಿರ ಮತ್ತೆ ಅದೇ ಟಕ್ ಟಕ್ ಟಕ್. ಸಿಟ್ಟಿಗಿಂತ ಜಾಸ್ತಿ ಊರು ನೆನಪಾಯಿತು.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗನ್‌ನಲ್ಲಿ. ಒಂಬತ್ತು ವರ್ಷ ಆಯಿತು. ಇಲ್ಲಿ ಗ್ಯಾರೇಜಿಗೆ ಹೋಗಬೇಕೆಂದರೆ ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು. ನನಗೆ ಮೂರು ವಾರ ಬಿಟ್ಟು ಸಿಕ್ಕಿತು. ಕೌಂಟರಿನಲ್ಲಿದ್ದವರಿಗೆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಅವರು ಬರೆದುಕೊಂಡದ್ದು ಎರಡೇ ಪದ, ‘ಗೆರಾಯ್ಶ್ ಫೋರ್ನ’. ಅಂದರೆ ‘ಮುಂದೆ ಸದ್ದು’. ಒಳಗೆ ಹೋದದ್ದು ಆ ಎರಡು ಪದ ಮಾತ್ರ. ಕೈಗೆ ಗ್ರೀಸ್ ಹತ್ತಿಸಿಕೊಳ್ಳುವವನ ಮುಖವನ್ನೇ ನಾನು ನೋಡಲಿಲ್ಲ. ನುಣ್ಣನೆಯ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಕಂಪ್ಯೂಟರ್ ಸಿಕ್ಕಿಸಿ ನೋಡಿ, ಏನೂ ತೊಂದರೆ ಇಲ್ಲ ಅಂದಿರಬೇಕು. ಚಕ್ರದ ಹತ್ತಿರದ ಲಿಂಕ್ ರಾಡ್ ಎಂಬ ಸಣ್ಣ ಸರಳು ಸವೆದರೆ ಆ ಸುದ್ದಿ ಕಂಪ್ಯೂಟರಿಗೆ ಎಲ್ಲಿಂದ ಬರಬೇಕು? ಅಲ್ಲಿ ಸೆನ್ಸರೇ ಇಲ್ಲವಲ್ಲ.

ಶಿವಮೊಗ್ಗದಲ್ಲಿ ಅಪ್ಪನ ಕಾರಿಗೂ ಇದೇ ಕಾಯಿಲೆ ಬಂದಿತ್ತು. ಒಂದು ಮಳೆಗಾಲ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಓಡಾಡಿದ್ದಕ್ಕೆ ಹಿಡಿದ ಕಾಯಿಲೆ. ಅಪ್ಪ, ನಾನು ಗ್ಯಾರೇಜಿನ ಮೇಸ್ತ್ರಿ ಹತ್ತಿರ ಹೋದೆವು. ಅವರು ಬಾನೆಟ್ ಕೂಡ ತೆಗೆಯಲಿಲ್ಲ. ಪಕ್ಕದ ಸೀಟಿನಲ್ಲಿ ಬಂದು ಕೂತು, ಕಿಟಕಿ ಇಳಿಸಿ, ಅಪ್ಪನಿಗೆ ‘ಮೇಷ್ಟ್ರೇ, ನೀವು ಮಾತಾಡ್ಬೇಡಿ’ ಅಂದು, ನನಗೆ ‘ಅಣ್ಣ, ನೀವು ಸುಮ್ನೆ ಓಡ್ಸಿ’ ಅಂದರು.

‘ಈಗ ಬ್ರೇಕನ್ನ ಸ್ವಲ್ಪವೇ ಒತ್ತಿಕೊಂಡು ಹೋಗಿ.’ ಸದ್ದು ನಿಲ್ಲಲಿಲ್ಲ. ‘ಹಾಗಾದ್ರೆ ಬ್ರೇಕ್ ಪ್ಯಾಡ್ ಅಲ್ಲ.’ ಮುಂದೊಂದು ಹಂಪ್. ಎರಡೂ ಚಕ್ರ ಒಟ್ಟಿಗೆ ಹತ್ತಿಸಿದಾಗ ಸದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ತಿರುಗಿ ಬಂದು ಒಂದೇ ಚಕ್ರವನ್ನು ಹತ್ತಿಸಿದೆ. ಟಕ್! ಮೇಸ್ತ್ರಿ ತಲೆಯಾಡಿಸಿದರು. ಎಡ ಬಲ ಎರಡೂ ಚಕ್ರ ಸಮ ಏರಿಳಿದರೆ ಅವೆರಡರ ನಡುವೆ ಅಡ್ಡಲಾಗಿರುವ ಸ್ಟೆಬಿಲೈಸರ್ ಬಾರ್ ಎಂಬ ಸರಳಿಗೆ ಕೆಲಸವಿಲ್ಲ. ಒಂದು ಏರಿ ಇನ್ನೊಂದು ಇಳಿದಾಗಲೇ ಅದು ತಿರುಚಿಕೊಳ್ಳುತ್ತದೆ, ತನ್ನ ತುದಿಗೆ ಜೋಡಿಸಿದ ಲಿಂಕ್ ರಾಡನ್ನು ಎಳೆಯುತ್ತದೆ. ಇಂಜಿನಿಯರಿಂಗ್ ಓದಿದ ನನಗೆ ಇದನ್ನು ಹಂಪ್ ಮೇಲೆ ಕೂರಿಸಿ ಕಲಿಸಿದವರು ಅವರು. ಗ್ಯಾರೇಜಿಗೆ ಬಂದು, ಹುಡುಗನಿಗೆ ಕಾರು ಅಲ್ಲಾಡಿಸಲು ಹೇಳಿ, ಚಕ್ರದ ಹಿಂದೆ ಕೈ ತೂರಿಸಿ ರಾಡಿನ ತುದಿಯನ್ನು ಮೆಲ್ಲಗೆ ಹಿಡಿದರು. ನನ್ನ ಕೈಯನ್ನೂ ಅಲ್ಲಿಗೆ ಒಯ್ದರು. ಬೆರಳ ತುದಿಯಲ್ಲಿ ಒಂದು ಸಣ್ಣ ಕುಟುಕು, ಸಡಿಲ ಹಲ್ಲು ಅಲ್ಲಾಡಿದ ಹಾಗೆ.

ಅವರ ಹತ್ತಿರ ಎಲ್ಲದಕ್ಕೂ ಒಂದೊಂದು ಸದ್ದಿತ್ತು. ದಡಕ್ ಅಂದರೆ ಶಾಕ್ ಅಬ್ಸಾರ್ಬರ್ ಕಡೆ ನೋಡಬೇಕು. ಕಿರ್ ಕಿರ್ ಅಂದರೆ ಕೀಲುಗಳಲ್ಲಿ ಕೂರುವ ಬುಷ್ಷಿನ ರಬ್ಬರ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಂಯ್ ಅಂತ ಸ್ಪ್ರಿಂಗ್ ಜಿಗಿದರೆ ಅದರ ಮೇಲಿನ ಬೇರಿಂಗ್. ಅದನ್ನೆಲ್ಲ ‘ಮುಂದೆ ಸದ್ದು’ ಅಂತ ಬರೆದರೆ ಏನು ಉಳಿಯಿತು? ಕಾರು ಓಡಿಸುವವನು, ರಿಪೇರಿ ಮಾಡುವವನು ಒಂದೇ ಗಾಡಿಯಲ್ಲಿ ಕೂತು ಹತ್ತು ನಿಮಿಷ ಕೇಳಿದರೆ ಮುಗಿಯುವ ಕೆಲಸ. ಇಷ್ಟು ದೊಡ್ಡ ಗ್ಯಾರೇಜಿನಲ್ಲಿ ಆ ಹತ್ತು ನಿಮಿಷ ಯಾರಿಗೂ ಇಲ್ಲ ಅನ್ನುವುದು ನನಗೆ ಇನ್ನೂ ಅರ್ಥವಾಗುವುದಿಲ್ಲ.

ಆಮೇಲೆ ನಾನೇ ಮೇಸ್ತ್ರಿ ಮಾಡಿದ ಹಾಗೆ ಒಂದೇ ಚಕ್ರವನ್ನು ತಗ್ಗಾದ ಫುಟ್‌ಪಾತ್ ಅಂಚಿಗೆ ಹತ್ತಿಸಿ ನೋಡಿದೆ. ಅದೇ ಲಿಂಕ್ ರಾಡ್. ಇಲ್ಲಿ ಗಂಟೆ ಲೆಕ್ಕದಲ್ಲಿ ಲಿಫ್ಟನ್ನೂ ಸ್ಪ್ಯಾನರನ್ನೂ ಬಾಡಿಗೆಗೆ ಕೊಡುವ ಗ್ಯಾರೇಜುಗಳಿವೆ. ಇದು ಒಳ್ಳೆಯದೇ, ನಮ್ಮೂರಲ್ಲಿ ನಾನು ಕಂಡಿಲ್ಲ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಹಾಕುವ ಉಪ್ಪಿಗೆ ನಟ್ಟು ತುಕ್ಕು ಹಿಡಿದಿತ್ತು. ಅಲೆನ್ ಕೀಲಿಯಲ್ಲಿ ಒಳಗಿನ ಪಿನ್ ತಿರುಗದ ಹಾಗೆ ಹಿಡಿದು ಬಿಚ್ಚಬೇಕಾಯಿತು. ಎರಡೂ ಕಡೆ ಬದಲಾಯಿಸಿದೆ. ಸದ್ದು ಹೋಯಿತು.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಇಲ್ಲಿ ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ ಪ್ರತಿ 2 ವರ್ಷಕ್ಕೆ ಕಡ್ಡಾಯ ತಪಾಸಣೆ. ಹೋದ ಸಲ ತಪಾಸಣೆಯವರು ಕೆಳಗೆ ನಿಂತು, ಹಿಂದಿನ ಸ್ಪ್ರಿಂಗಿನ ಕೆಳತುದಿಗೆ ಟಾರ್ಚ್ ಬಿಟ್ಟು ತೋರಿಸಿದರು. ಕೊನೆಯ ಸುತ್ತು ಮುರಿದಿತ್ತು. ಅದು ಒಂದು ದಿನವೂ ಸದ್ದು ಮಾಡಿರಲಿಲ್ಲ. ನಮ್ಮಲ್ಲಿ ಸ್ವಂತ ಕಾರಿಗೆ ನೋಂದಣಿಯ 15 ವರ್ಷ ಮುಗಿಯುವವರೆಗೂ ಇಂಥ ಕಡ್ಡಾಯ ತಪಾಸಣೆ ಇಲ್ಲ. ಅಪ್ಪನ ಕಾರಿನ ಸ್ಪ್ರಿಂಗ್ ಹೇಗಿದೆಯೋ.

ಅಪ್ಪನ ಕಾರಿನ ಲೋಯರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳಿನ ಬುಷ್ ಯಾಕೆ ಬೇಗ ಹರಿಯುತ್ತದೆ ಅಂತ ಗೊತ್ತಾದದ್ದೂ ಇಲ್ಲೇ. ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಚಕ್ರದ ಮೇಲೆ ಭಾರ ಬಿಟ್ಟಮೇಲೆ ಬಿಗಿಯಬೇಕು. ನಮ್ಮ ಮೇಸ್ತ್ರಿ ಜಾಕ್ ಮೇಲಿರುವಾಗಲೇ ಬಿಗಿಯುತ್ತಿದ್ದರು, ನಾನೇ ನೋಡಿದ್ದೇನೆ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇನೆ. ಮೊದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ, ಆಮೇಲೆ ಇದನ್ನು ಹೇಳಬೇಕು.