ಒಂದೇ ಕೈಯ ಚಪ್ಪಾಳೆ

ಒಂದೇ ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ ಎಂದ ಹಿರಿಯರು ಬೆಂಗಳೂರಿನ ಪಾಲಿಕೆ ಬಜೆಟ್ ನೋಡಿರಲಿಕ್ಕಿಲ್ಲ. 2020ರ ಸೆಪ್ಟೆಂಬರ್ 10ಕ್ಕೆ ಇಲ್ಲಿನ 198 ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಮುಗಿದಿರಬೇಕು ಅನ್ನುತ್ತದೆ ಸಂವಿಧಾನದ 243-ಯು ವಿಧಿ. ಅನ್ನಲಿ ಬಿಡಿ, ಅನ್ನುವುದು ಅದರ ಕೆಲಸ. 2021-22ರಿಂದ 2025-26ರವರೆಗೆ ಬಿಬಿಎಂಪಿಯ ಐದು ಬಜೆಟ್‌ಗಳು ಒಬ್ಬನೇ ಒಬ್ಬ ಕಾರ್ಪೊರೇಟರ್ ಕೆಮ್ಮದೆ ಪಾಸಾದವು. ಅಧಿಕಾರಿಗಳು ಬರೆದರು, ಅಧಿಕಾರಿಗಳು ಓದಿದರು, ಇಡೀ ಕೌನ್ಸಿಲ್ಲಿನ ಪರವಾಗಿ ಕೂತ ಆಡಳಿತಾಧಿಕಾರಿ ಒಪ್ಪಿಗೆ ಕೊಟ್ಟರು. ಮೇಜು ಕುಟ್ಟಿದ್ದು ಯಾರು ಅಂತ ಕೇಳಬೇಡಿ.

ಹಳೇ ಕೌನ್ಸಿಲ್ ಸಾಚಾ ಆಗಿತ್ತು ಅಂತೇನಲ್ಲ. ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರು ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿಸಿ, ಸೂಟ್‌ಕೇಸಿನಲ್ಲಿ ಹೊತ್ತು ತಂದು, ಗಂಟಲು ಒಣಗುವ ತನಕ ಓದುತ್ತಿದ್ದರು. ವಿರೋಧ ಪಕ್ಷದವರು ‘ಬೋಗಸ್ ಬಜೆಟ್’ ಎಂದು ಬಾವಿಗಿಳಿಯುತ್ತಿದ್ದರು. ಸದನದ ಬಾವಿ ಸ್ವಾಮಿ, ರಸ್ತೆಯಲ್ಲಿರುವುದಲ್ಲ. ಆಮೇಲಿನ ದಿನಗಳ ಚರ್ಚೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನನ್ನ ವಾರ್ಡಿಗೆ ಎಷ್ಟು? ಹೊಲಿಗೆ ಯಂತ್ರ ಎಷ್ಟು, ಕೊಳವೆಬಾವಿ ಎಷ್ಟು, ಕೆಂಪೇಗೌಡ ಜಯಂತಿಗೆ ಎಷ್ಟು?

ಆದರೂ ಆ ಗದ್ದಲಕ್ಕೊಂದು ಉಪಯೋಗವಿತ್ತು. ಪಕ್ಕದ ವಾರ್ಡಿಗೆ ಐವತ್ತು ಲಕ್ಷ ಹೆಚ್ಚು ಹೋದರೆ ಹೊಟ್ಟೆ ಉರಿದುಕೊಳ್ಳಲು ಒಬ್ಬ ಇರುತ್ತಿದ್ದ. ಅವನು ರಾತ್ರಿಯೆಲ್ಲ ಕೂತು ಪುಟ ತಿರುವಿ, ಬೆಳಿಗ್ಗೆ ‘ಇದೇ ಮೋರಿಗೆ ಹೋದ ವರ್ಷವೂ ಬಿಲ್ ಆಗಿದೆ’ ಎಂದು ಕೂಗುತ್ತಿದ್ದ. ಲೆಕ್ಕ ತಪಾಸಣೆಗೆ ಹೊಟ್ಟೆಕಿಚ್ಚಿಗಿಂತ ಒಳ್ಳೆಯ ಉಪಕರಣವನ್ನು ಯಾವ ಲೆಕ್ಕಪರಿಶೋಧಕನೂ ಕಂಡುಹಿಡಿದಿಲ್ಲ. ಆ ಹುದ್ದೆ ಖಾಲಿಯಾಯಿತು. ಖಾಲಿಯಾದ ಮೇಲೆ ಪರಿಶೀಲನೆಯ ನಡಾವಳಿ ಹೀಗಿದ್ದಿರಬೇಕು:

‘ಸಭೆಗೆ ಕೋರಂ ಇದೆಯೇ?’ ‘ಇದೆ, ನಾನೇ ಇದ್ದೇನೆ.’ ‘ಆಕ್ಷೇಪಣೆ?’ ಕಿಟಕಿಯಾಚೆ ಒಂದು ಕಾಗೆ. ‘ಕಾಗೆಗೆ ಮತದಾನದ ಹಕ್ಕಿಲ್ಲ. ವಿಷಯ ಅನುಮೋದಿಸಲಾಗಿದೆ.’

ಅಷ್ಟು ಸುಲಭವಾಗಿ ಪಾಸಾದ ಪುಸ್ತಕವನ್ನು ಓದುವುದು ಮಾತ್ರ ಸುಲಭವಲ್ಲ. ಪ್ರತಿ ಸಾಲಿಗೂ ಮೂರು ಅಂಕಣ: ಹಿಂದಿನ ವರ್ಷದ ವಾಸ್ತವ, ನಡೆಯುತ್ತಿರುವ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಟಿ.ವಿ.ಯಲ್ಲಿ ಬರುವುದು ಮೂರನೆಯದು. ನಿಜ ಇರುವುದು ಮೊದಲನೆಯದರಲ್ಲಿ. ನಡುವಿನದು ಸುಳ್ಳು ಹೇಳಿ ಸಿಕ್ಕಿಬಿದ್ದವನು ತಡವರಿಸುವ ಜಾಗ. ಒಂದು ಶೀರ್ಷಿಕೆಯಲ್ಲಿ 100 ಕೋಟಿ ಬರುತ್ತದೆಂದು ಬರೆದು 55 ಬಂತು ಅಂತಿಟ್ಟುಕೊಳ್ಳಿ. ಮನೆ ನಡೆಸುವ ಹೆಂಗಸಾದರೆ ಮುಂದಿನ ವರ್ಷಕ್ಕೆ 60 ಬರೆದುಕೊಳ್ಳುತ್ತಾಳೆ. ಪಾಲಿಕೆ 130 ಬರೆಯುತ್ತದೆ, ಹೋದ ವರ್ಷ ಬಾರದೇ ಉಳಿದದ್ದು ಎಲ್ಲಿಗೆ ಹೋಗುತ್ತದೆ, ಬಂದೇ ಬರುತ್ತದೆ ಅನ್ನುವ ನಂಬಿಕೆಯಲ್ಲಿ. ಮಗ ಫೇಲಾದ ಮೇಲೆ ಮುಂದಿನ ಸಲ ರ‍್ಯಾಂಕ್ ಬರುತ್ತಾನೆ ಎಂದು ಊರಿಗೆಲ್ಲ ಪೇಡ ಹಂಚಿದ ಹಾಗೆ.

ಗಾತ್ರ ಬೆಳೆದ ರೀತಿ ನೋಡಿ. 2021-22ರಲ್ಲಿ ಸುಮಾರು 9,287 ಕೋಟಿ. ಆಮೇಲೆ 10,480. ಆಮೇಲೆ 11,158. 2024-25ರಲ್ಲಿ 12,369. ಇಲ್ಲಿಯವರೆಗೆ ಮಗು ತಕ್ಕಮಟ್ಟಿಗೆ ಬೆಳೆಯುತ್ತಿತ್ತು. 2025-26ಕ್ಕೆ ಒಮ್ಮೆಲೇ ಸುಮಾರು 19,930 ಕೋಟಿ. ಒಂದೇ ವರ್ಷದಲ್ಲಿ ಶೇಕಡಾ 61 ಉದ್ದವಾದ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಮಂಡನೆಗೆಂದು ಟೌನ್ ಹಾಲಿಗೆ ಕರೆದುಕೊಂಡು ಹೋದರು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯಲ್ಲಿ ಹೋಗುವ ಸುಮಾರು 16.7 ಕಿಲೋಮೀಟರ್ ಸುರಂಗದಂಥ ಕನಸುಗಳು ಆ ಹೊತ್ತಿಗೆ ಊರಿನ ತಲೆ ತುಂಬಿದ್ದವು. ನೆಲದ ಮೇಲಿನ ಗುಂಡಿ ಮುಚ್ಚಲಾಗದವರು ಗುಂಡಿಯನ್ನೇ ಉದ್ದ ಮಾಡಲು ಹೊರಟಿದ್ದಾರೆ ಎಂದು ಕುಹಕ ಆಡುವವರಿದ್ದಾರೆ. ಆಡಲಿ.

ಇಷ್ಟೆಲ್ಲ ಆದರೂ ಬಜೆಟ್ ಉಳಿತಾಯದ್ದೇ. ಸಾವಿರಾರು ಕೋಟಿ ಬಂದು, ಸಾವಿರಾರು ಕೋಟಿ ಹೋಗಿ, ಕೊನೆಗೆ ಕೈಯಲ್ಲಿ ಮೂರೋ ಆರೋ ಕೋಟಿ ಉಳಿಯುತ್ತದೆ. ಹತ್ತು ಸಾವಿರ ಜನರ ಮದುವೆ ಊಟಕ್ಕೆ ಹಾಕಿದ ಅಕ್ಕಿಯಲ್ಲಿ ಸರಿಯಾಗಿ ಮೂರು ಎಲೆಯಷ್ಟು ಅನ್ನ ಮಿಕ್ಕಿತು ಎಂದು ಮುಂಚಿನ ದಿನವೇ ಹೇಳುವ ಅಡುಗೆ ಭಟ್ಟರು ಇವರು. ವಿದ್ಯೆ ದೊಡ್ಡದೇನಲ್ಲ: ಮೊದಲು ಖರ್ಚಿನ ಪಟ್ಟಿ, ಅದಕ್ಕೆ ಮೂರು ಕೋಟಿ ಸೇರಿಸಿದರೆ ಜಮೆ. ಜಮೆ ಸಾಲದಿದ್ದರೆ ‘ಅನುದಾನ ನಿರೀಕ್ಷಿಸಲಾಗಿದೆ’. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಬಡವರ ಗಾದೆ. ಇಲ್ಲಿ ಮೊದಲು ಕಾಲು ಚಾಚಿ, ಆಮೇಲೆ ಅಷ್ಟುದ್ದದ ಹಾಸಿಗೆಗೆ ಟೆಂಡರ್ ಕರೆಯುತ್ತಾರೆ.

ಜಮೆಯ ಪಟ್ಟಿಯಲ್ಲಿ ನಿಜವಾಗಿ ಬರುವ ದುಡ್ಡು ಆಸ್ತಿ ತೆರಿಗೆಯದು. ಏಪ್ರಿಲ್ ಒಳಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಅದಕ್ಕೇ ಆ ತಿಂಗಳು ನಿಷ್ಠಾವಂತ ನಿವೃತ್ತ ನೌಕರರೆಲ್ಲ ರಾತ್ರಿ ಹನ್ನೊಂದಕ್ಕೆ ಕೂತು ಪೇಮೆಂಟ್ ಪುಟ ತಿರುಗುವುದನ್ನು ನೋಡುತ್ತಿರುತ್ತಾರೆ. ಆ ರಸೀದಿಯ ಕೆಳಭಾಗವನ್ನು ಎಂದಾದರೂ ಓದಿದ್ದೀರಾ? ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇಕಡಾ 15, ಗ್ರಂಥಾಲಯ ಸೆಸ್ 6, ಭಿಕ್ಷುಕರ ಸೆಸ್ 3. ಹತ್ತು ಸಾವಿರ ತೆರಿಗೆ ಕಟ್ಟುವವನು 600 ರೂಪಾಯಿ ಪುಸ್ತಕಕ್ಕೆ, 300 ರೂಪಾಯಿ ಭಿಕ್ಷುಕರ ಪುನರ್ವಸತಿಗೆ ಕೊಟ್ಟಿರುತ್ತಾನೆ. ಇವೆರಡೂ ಪಾಲಿಕೆಯ ದುಡ್ಡಲ್ಲ. ವಸೂಲು ಮಾಡಿ ಒಂದನ್ನು ಗ್ರಂಥಾಲಯದವರಿಗೆ, ಇನ್ನೊಂದನ್ನು ಭಿಕ್ಷುಕರನ್ನು ನೋಡಿಕೊಳ್ಳುವ ಕೇಂದ್ರ ಪರಿಹಾರ ಸಮಿತಿಗೆ ದಾಟಿಸಬೇಕು. ಪಾಲಿಕೆ ಇಲ್ಲಿ ಪೋಸ್ಟ್‌ಮ್ಯಾನ್ ಅಷ್ಟೆ. ಆದರೆ ಈ ಪೋಸ್ಟ್‌ಮ್ಯಾನ್ ಮನಿಯಾರ್ಡರನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದಾನೆ. ಅಲ್ಲಿಗೆ, ಸಾವಿರಾರು ಕೋಟಿಯ ಬಜೆಟ್ ಮಂಡಿಸುವ ಸಂಸ್ಥೆ ಬೆಂಗಳೂರಿನ ಭಿಕ್ಷುಕರಿಗೆ ಸಾಲಗಾರ. ಸಿಗ್ನಲ್‌ನಲ್ಲಿ ಕೈಚಾಚುವವರನ್ನು ಇನ್ನು ಮೇಲೆ ಗದರಬೇಡಿ. ಬಾಕಿ ವಸೂಲಿಗೆ ಬಂದಿರಬಹುದು.

2025ರ ಏಪ್ರಿಲ್‌ನಿಂದ ಕಸಕ್ಕೂ ಬೇರೆ ಶುಲ್ಕ. 600 ಚದರಡಿಯ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದರೆ 400. ಹಾಲ್ ದೊಡ್ಡದಿದ್ದರೆ ಅದರಲ್ಲಿ ಒಬ್ಬಂಟಿಯಾಗಿರುವ ಅಜ್ಜಿಯೂ ದೊಡ್ಡ ಕಸ ಹಾಕುತ್ತಾಳೆ ಎಂಬ ಸಿದ್ಧಾಂತ.

ಖರ್ಚಿನ ಕಡೆಗೆ ಬರೋಣ. ನಾಟಕ ನಡೆಯುವುದು ಅಲ್ಲಿ.

ಬಜೆಟ್‌ನಲ್ಲಿ ಹಣ ಇದೆ ಅಂದರೆ ಹಣ ಇದೆ ಅಂತ ಅರ್ಥವಲ್ಲ, ಜಾಬ್ ಕೋಡ್, ಅಂದರೆ ಕಾಮಗಾರಿಗೊಂದು ಗುರುತಿನ ಸಂಖ್ಯೆ, ಕೊಡಬಹುದು ಅಂತ ಅರ್ಥ. ಉಬ್ಬಿಸಿದ ಅಂದಾಜಿನಿಂದ ಆಗುವ ಮೊದಲ ಅನಾಹುತ ಇದೇ. 100 ಬರುತ್ತದೆಂದು ಬರೆದದ್ದರಿಂದ 100 ರೂಪಾಯಿಯ ಕಾಮಗಾರಿಗೆ ಕೋಡ್ ಹುಟ್ಟುತ್ತದೆ, ಬರುವುದು 55. ಸಹಾಯಕ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದು, ಅವರ ಮೇಲಿನವರು ಮರು ಅಳತೆ ಮಾಡಿ, ಇನ್ನೂ ಮೇಲಿನವರು ಸಹಿ ಹಾಕಿ ಬಿಲ್ ರಿಜಿಸ್ಟರ್‌ಗೆ ಏರಿಸಿದ ಮೇಲೆ ಬಿಲ್ಲು ಸಾಲಿನಲ್ಲಿ ನಿಲ್ಲುತ್ತದೆ. ಮಲ್ಲೇಶ್ವರದಲ್ಲಿ ದೋಸೆಗೆ ನಿಂತಷ್ಟಲ್ಲ. ವರ್ಷ, ಎರಡು ವರ್ಷ. ಗುತ್ತಿಗೆದಾರನೇನು ದಡ್ಡನೇ? ಸಾಲದ ಬಡ್ಡಿಯನ್ನು ಮುಂದಿನ ಟೆಂಡರಿನ ದರದಲ್ಲೇ ಸೇರಿಸುತ್ತಾನೆ, ಅದೂ ಆಗದಿದ್ದರೆ ರಸ್ತೆಯಿಂದಲೇ ಹೆರೆದುಕೊಳ್ಳುತ್ತಾನೆ. ಎಸ್ಟಿಮೇಟಿನಲ್ಲಿ 50 ಮಿಲಿಮೀಟರ್ ಇದ್ದ ಡಾಂಬರು ನೆಲ ಮುಟ್ಟುವ ಹೊತ್ತಿಗೆ 35 ಆಗುತ್ತದೆ. ಅಲ್ಲಿಗೆ, ಬಜೆಟ್ ಪುಸ್ತಕದಲ್ಲಿ ಉಬ್ಬಿದ್ದು ರಸ್ತೆಯಲ್ಲಿ ತಗ್ಗಾಯಿತು. ಹಳೇ ಬಾಕಿ ಬಿಲ್ಲುಗಳು ಹೊಸ ವರ್ಷದ ದುಡ್ಡನ್ನು ಮೊದಲು ತಿನ್ನುವುದರಿಂದ, ಹೊಸ ಬಜೆಟ್ ಹುಟ್ಟುವಾಗಲೇ ಅರ್ಧ ಹಸಿದಿರುತ್ತದೆ.

ಎರಡನೆಯ ಅನಾಹುತ ಪಂಚಾಂಗದ್ದು. ಮಾರ್ಚ್ ಕೊನೆಗೆ ಬಜೆಟ್. ಸರ್ಕಾರದ ಒಪ್ಪಿಗೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು, ಒಬ್ಬನೇ ಬಂದನೆಂದು ಮರು ಟೆಂಡರು, ಕಾರ್ಯಾದೇಶ. ಕಾರ್ಯಾದೇಶ ಕೈಗೆ ಬರುವಾಗ ಗಣಪತಿ ಬಿಡುವ ಕಾಲ. ಬೆಂಗಳೂರಿನಲ್ಲಿ ಮಳೆ ಅತಿ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎಂಬುದು ಇಲ್ಲಿನ ಹೂವಾಡಗಿತ್ತಿಗೂ ಗೊತ್ತು. ಮಳೆಗಾಲಕ್ಕೆ ಮುಂಚೆ ತೆಗೆಯಬೇಕಾದ ರಾಜಕಾಲುವೆ ಹೂಳಿಗೆ ಆದೇಶ ಬರುವಾಗ ಹೂಳು ಆಗಲೇ ಯಾರದ್ದೋ ನೆಲಮಹಡಿ ಸೇರಿರುತ್ತದೆ. ಗುಂಡಿಯ ಕತೆಯೂ ಅಷ್ಟೆ. ಗುಂಡಿ ಮುಚ್ಚುವುದು ರಾಕೆಟ್ ವಿಜ್ಞಾನವಲ್ಲ. ಅಂಚನ್ನು ಚೌಕವಾಗಿ, ನೆಟ್ಟಗೆ ಕತ್ತರಿಸಬೇಕು. ನೀರು, ಮಣ್ಣು ಬಳಿದು ತೆಗೆಯಬೇಕು. ತಳಕ್ಕೂ ಗೋಡೆಗೂ ಟ್ಯಾಕ್ ಕೋಟ್, ಅಂದರೆ ಅಂಟಿನಂಥ ತೆಳು ಡಾಂಬರು, ಹಚ್ಚಬೇಕು. ಸುಮಾರು 150 ಡಿಗ್ರಿಯಲ್ಲಿ ಘಟಕ ಬಿಟ್ಟ ಬಿಸಿ ಮಿಶ್ರಣವನ್ನು ಆರುವ ಮುಂಚೆ ಸುರಿದು, 90 ಡಿಗ್ರಿಗೆ ಇಳಿಯುವುದರೊಳಗೆ ರೋಲರ್ ಓಡಿಸಿ ಮುಗಿಸಬೇಕು. ಈಗ ಊಹಿಸಿ: ನಗರದ ಅಂಚಿನ ಘಟಕದಿಂದ ಹೊರಟ ಲಾರಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದೆ. ಗುಂಡಿಯಿಂದಾಗಿ ಟ್ರಾಫಿಕ್, ಟ್ರಾಫಿಕ್‌ನಿಂದಾಗಿ ಡಾಂಬರು ತಣ್ಣಗೆ, ತಣ್ಣಗಾದ ಡಾಂಬರಿನಿಂದಾಗಿ ಮತ್ತೆ ಗುಂಡಿ. ಮಿಶ್ರಣ ತಲುಪುವಾಗ ಉಪ್ಪಿಟ್ಟಿನ ಹದ. ಅದನ್ನು ನಿಂತ ನೀರಿಗೇ ಸುರಿದು, ಸಲಿಕೆಯ ಬೆನ್ನಿನಿಂದ ನಾಲ್ಕು ಏಟು ಹಾಕಿ, ಫೋಟೊ ತೆಗೆದು ಆ್ಯಪ್‌ಗೆ ಹಾಕುತ್ತಾರೆ. ಫೋಟೊ ಮಾತ್ರ ಮಳೆಗೆ ಕಿತ್ತು ಬರುವುದಿಲ್ಲ.

ಡಿಸೆಂಬರ್‌ನಲ್ಲಿ ನೆಲ ಒಣಗುತ್ತದೆ. ಜನವರಿಯಲ್ಲಿ ಹೊಸ ಡಾಂಬರು. ಫೆಬ್ರುವರಿಯಲ್ಲಿ ಅದೇ ಡಾಂಬರನ್ನು ಸೀಳಿ ಯಾರೋ ಪೈಪೋ ಕೇಬಲ್ಲೋ ಇಳಿಸುತ್ತಾರೆ. ಮಾರ್ಚ್‌ನಲ್ಲಿ ಬಿಲ್ಲು ಬರೆಯುವ ಭರಾಟೆ. ಆಮೇಲೆ ಅದೇ ಬೀದಿಗೆ ಹೊಸ ಬಜೆಟ್‌ನಲ್ಲಿ ಹೊಸ ಹೆಸರು: ‘ಅಭಿವೃದ್ಧಿ’ ಹೋಗಿ ‘ಸಮಗ್ರ ಅಭಿವೃದ್ಧಿ’. ಹೊಟ್ಟೆಕಿಚ್ಚಿನ ಕಾರ್ಪೊರೇಟರ್ ಇದ್ದಿದ್ದರೆ ಆ ‘ಸಮಗ್ರ’ದ ಮೇಲೆ ಬೆರಳಿಡುತ್ತಿದ್ದ.

ಪರಿಶೀಲನೆಗೆ ಅತಿ ಕಡಿಮೆ ಸಮಯ ಕೊಟ್ಟ ಶ್ರೇಯ 2022-23ರ ಬಜೆಟ್‌ಗೆ ಸಲ್ಲಬೇಕು. 10,480 ಕೋಟಿಯ ಆ ಬಜೆಟ್ ಹೊರಬಿದ್ದದ್ದು 2022ರ ಮಾರ್ಚ್ 31ರ ಸರಿರಾತ್ರಿಯ ಹತ್ತಿರ, ಸಭೆಯಿಲ್ಲ, ಭಾಷಣವಿಲ್ಲ, ಸೀದಾ ವೆಬ್‌ಸೈಟಿಗೆ. ಮರುದಿನ ಬೆಳಿಗ್ಗೆ ಎದ್ದವರಿಗೆ ಅನುಮಾನ ಬಂದದ್ದು ಸಹಜ, ತಾರೀಕು ಏಪ್ರಿಲ್ ಒಂದು. ಆ ಹೊತ್ತಿನಲ್ಲಿ ಎಚ್ಚರವಿರುವವರು ಬೀದಿನಾಯಿಗಳು ಮತ್ತು ಐ.ಟಿ. ಕಂಪನಿಯ ನೈಟ್ ಶಿಫ್ಟಿನವರು. ಎರಡೂ ಪಂಗಡದಿಂದ ಆಕ್ಷೇಪಣೆ ದಾಖಲಾಗಲಿಲ್ಲ.

2025ರ ಸೆಪ್ಟೆಂಬರ್ 2ಕ್ಕೆ ಪಾಲಿಕೆಯೇ ಐದಾಯಿತು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನೆತ್ತಿಯ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅಣ್ಣತಮ್ಮಂದಿರ ಪಾಲಿನಲ್ಲಿ ಹಿತ್ತಾಳೆ ಹಂಡೆ ಯಾರಿಗೆ ಅನ್ನುವುದಕ್ಕೇ ಪಂಚಾಯಿತಿ ಆಗುತ್ತದೆ. ಇಲ್ಲಿ ಬಾಕಿ ಬಿಲ್ಲು, ಹಳೇ ಸಾಲ, ಭಿಕ್ಷುಕರ ಸೆಸ್ ಯಾರ ಪಾಲಿಗೆ? ಐದು ಬಜೆಟ್ ಅಂದರೆ ಐದು ಸೂಟ್‌ಕೇಸ್, ಐದು ಉಳಿತಾಯ. ರಸ್ತೆಯ ಎಡಬದಿಯ ಗುಂಡಿ ಒಂದು ನಗರದ್ದು, ಬಲಬದಿಯದು ಇನ್ನೊಂದು ನಗರದ್ದು. ನಡುವೆ ಬಿದ್ದವನು ಗಡಿವಿವಾದ.

ಇಷ್ಟಾದರೂ ಪರಿಶೀಲನೆಯ ದಾರಿ ಪೂರ್ತಿ ಮುಚ್ಚಿಲ್ಲ. ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ ಕಾಯುವುದು. ನಿಮ್ಮ ಬೀದಿಯ ಜಾಬ್ ಕೋಡ್ ಬರೆದು ಅಳತೆ ಪುಸ್ತಕದ ನಕಲು ಕೇಳಿ. ಅದರಲ್ಲಿ ಉದ್ದ, ಅಗಲ, ದಪ್ಪ ಮೂರೂ ಇರುತ್ತವೆ. ಟೇಪು ಹಿಡಿದು ಹೋದರೆ ಮೊದಲೆರಡು ಸಾಮಾನ್ಯವಾಗಿ ಸರಿಹೋಗುತ್ತವೆ. ಮೂರನೆಯದಕ್ಕಾಗಿ, ಪೈಪಿನವರು ಸೀಳಿಟ್ಟ ಜಾಗದಲ್ಲಿ ಬಗ್ಗಿ ನೋಡಿ. ಕರ್ನಾಟಕದ ನಿಯಮ ಒಂದಿದೆ: ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 19,930 ಕೋಟಿಯನ್ನು 150 ಪದಕ್ಕೆ ಹಂಚಿದರೆ ಪದವೊಂದಕ್ಕೆ ಹತ್ತಿರ ಹತ್ತಿರ 133 ಕೋಟಿ. ‘ಮಾನ್ಯರೇ’ ಅಂತ ಶುರು ಮಾಡುವ ಮುಂಚೆ ಯೋಚಿಸಿ.