ರಿಪೋರ್ಟ್ ಬಂತು ಸರಿ, ನೋಡಿದ್ದು ಯಾರು?

ನಮ್ಮಪ್ಪನ ಫೈಲು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಮೂರು ರಕ್ತಪರೀಕ್ಷೆ ರಿಪೋರ್ಟುಗಳಿವೆ. ಕ್ರಿಯಾಟಿನಿನ್ ಅನ್ನೋ ಸಾಲಿನ ಎದುರು ಮೊದಲನೆಯದರಲ್ಲಿ 1.2 ಇದೆ. ನಾಲ್ಕು ತಿಂಗಳ ನಂತರದ್ದರಲ್ಲಿ 1.5. ಅದಾಗಿ ಐದು ತಿಂಗಳಿಗೆ 1.9. ಕಿಡ್ನಿ ಸೋತಂತೆಲ್ಲ ಏರುವ ಅಂಕಿ ಇದು.

ಮೊದಲ ರಿಪೋರ್ಟ್ ನೋಡಿದ ಡಾಕ್ಟರು ಒಬ್ಬರು, ಎರಡನೆಯದನ್ನು ನೋಡಿದವರು ಇನ್ನೊಬ್ಬರು. ಕ್ಲಿನಿಕ್ ಅದೇ, ಆದರೆ ಅವತ್ತು ಯಾರ ಡ್ಯೂಟಿಯೋ ಅವರು ನೋಡೋದು. ಎರಡನೆಯವರು, "ವಯಸ್ಸಾಯ್ತಲ್ಲ, ಸ್ವಲ್ಪ ಏರುಪೇರು ಇರುತ್ತೆ" ಅಂದರು. ಮೂರನೆಯದನ್ನು ಯಾರಾದರೂ ನೋಡಿದರಾ? ಗೊತ್ತಿಲ್ಲ. ಕೌಂಟರಿನವರು ಫೈಲಿಗೆ ಸೇರಿಸಿ ಕೊಟ್ಟರು, ನಾವು ಮನೆಗೆ ತಂದು ಬೀರುವಿನಲ್ಲಿಟ್ಟೆವು. ನೋಡಬೇಕಾದವರು ನೋಡಿರುತ್ತಾರೆ ಅಂತ ನಂಬಿದ್ದೆವು.

ಅದೇ ಹೊತ್ತಿಗೆ ಅಪ್ಪ ಮಂಡಿನೋವಿಗೆ ದಿನಾ ಮಾತ್ರೆ ನುಂಗುತ್ತಿದ್ದರು. ಅದನ್ನು ಬರೆದುಕೊಟ್ಟವರು ಮತ್ತೊಬ್ಬ ಡಾಕ್ಟರು. ಬಿಪಿಗೆ ಮೊದಲಿಂದಲೂ ಒಂದು ಮಾತ್ರೆ ಇತ್ತು. ಕಾಲು ಊದುತ್ತೆ ಅಂತ ಮೂತ್ರ ಜಾಸ್ತಿ ಹೋಗುವ ಮಾತ್ರೆ ಇನ್ನೊಂದು. ಕೆಲವು ಬಗೆಯ ಬಿಪಿ ಮಾತ್ರೆ, ಮೂತ್ರದ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಇದು ಡಾಕ್ಟರುಗಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಅವರಲ್ಲಿ ಯಾರೂ ದಡ್ಡರಲ್ಲ, ಕೆಟ್ಟವರೂ ಅಲ್ಲ. ಮೂರು ಚೀಟಿಗಳನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಆಮೇಲೆ ಬೇರೆ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಡಾಕ್ಟರ ಹತ್ತಿರ ಹೋಗೋದಕ್ಕೂ ಮುಂಚೆ ಒಬ್ಬ ಸಿಸ್ಟರ್ ಕೂರಿಸಿಕೊಂಡು ಮಾತಾಡಿಸುತ್ತಾರೆ. ಫೋನಿನಲ್ಲೇ ಹೇಳಿದ್ದರು: "ಮನೇಲಿರೋ ಮಾತ್ರೆ ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಬನ್ನಿ, ನುಂಗೋದೂ ತನ್ನಿ, ಬಿಟ್ಟಿರೋದೂ ತನ್ನಿ." ಅವರು ಆ ಕವರನ್ನು ಮೇಜಿನ ಮೇಲೆ ಸುರಿದರು. ಒಂದೊಂದೇ ಪಟ್ಟಿ ಎತ್ತಿ ಹಿಡಿದು, "ಇದು ಯಾವಾಗಿಂದ? ಯಾರು ಕೊಟ್ಟಿದ್ದು? ದಿನಾ ತಗೋತೀರಾ ಅಥವಾ ನೋವಿದ್ದಾಗ ಮಾತ್ರನಾ?" ಅಂತ ಕೇಳಿದರು. ನೋವಿನ ಮಾತ್ರೆ ಕೈಗೆ ಬಂದಾಗ ಒಂದು ಗಳಿಗೆ ಸುಮ್ಮನಾದರು. ಹಳೇ ರಿಪೋರ್ಟು ಮೂರನ್ನೂ ತೆಗೆದು ಸಾಲಾಗಿ ಜೋಡಿಸಿ ಪೆನ್ನಿನಿಂದ ಆ ಮೂರು ಅಂಕಿಗಳಿಗೆ ಸುತ್ತು ಹಾಕಿದರು. ಡಾಕ್ಟರು ಅವತ್ತೇ ಆ ಮಾತ್ರೆ ನಿಲ್ಲಿಸಿದರು. ಎರಡು ತಿಂಗಳಿಗೆ ಅಂಕಿ 1.4ಕ್ಕೆ ಇಳಿಯಿತು.

ಎರಡೂ ಕಡೆ ಓದಿದ ಡಾಕ್ಟರುಗಳೇ ಇದ್ದರು. ವ್ಯತ್ಯಾಸ ಇದ್ದದ್ದು ಕೆಲಸ ಹಂಚಿಕೊಂಡ ರೀತಿಯಲ್ಲಿ. "ಒಳ್ಳೇ ಡಾಕ್ಟರ್ ಯಾರಿದ್ದಾರೆ?" ಅಂತ ನಾವೆಲ್ಲ ವಿಚಾರಿಸುತ್ತೀವಿ. ಆ ಕ್ಲಿನಿಕ್ ಹೇಗೆ ನಡೀತಿದೆ ಅಂತ ಯಾರೂ ಕೇಳಲ್ಲ, ನಾನೂ ಕೇಳಿರಲಿಲ್ಲ. ಅದನ್ನು ಕೇಳದೆ ಇದ್ದದ್ದಕ್ಕೆ ಅಪ್ಪನ ಕಿಡ್ನಿ ಒಂಬತ್ತು ತಿಂಗಳು ಬೆಲೆ ತೆತ್ತಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಅದಾದ ಮೇಲೆ ಈ ವಿಷಯ ಹುಡುಕಿ ಹುಡುಕಿ ಓದಿದೆ. ನಾರ್ವೆಯಲ್ಲಿ 2001ರಿಂದ ಪ್ರತಿಯೊಬ್ಬರಿಗೂ ತನ್ನದೇ ಅಂತ ಒಬ್ಬ ಕುಟುಂಬ ವೈದ್ಯರನ್ನು ಗೊತ್ತುಮಾಡಿಕೊಳ್ಳುವ ಹಕ್ಕಿದೆ. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆ ನೋಡಿದ ಒಂದು ಅಧ್ಯಯನ 2022ರಲ್ಲಿ ಅಚ್ಚಾಯಿತು. ಒಬ್ಬರೇ ಡಾಕ್ಟರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಇದ್ದವರನ್ನು, ಡಾಕ್ಟರ ಪರಿಚಯವಾಗಿ ಒಂದು ವರ್ಷವಷ್ಟೇ ಆದವರ ಜೊತೆ ಹೋಲಿಸಿದರು. ಹಳಬರಲ್ಲಿ ಆಸ್ಪತ್ರೆಗೆ ತುರ್ತಾಗಿ ದಾಖಲಾಗುವ ಸಂಭವವೂ ಸಾಯುವ ಸಂಭವವೂ ಕಾಲು ಭಾಗದಷ್ಟು ಕಡಿಮೆ ಇತ್ತು. ಇಂಥ ಲೆಕ್ಕದಿಂದ ಕಾರಣ ಪೂರ್ತಿ ಸಾಬೀತಾಗಲ್ಲ, ಒಪ್ಪುತ್ತೇನೆ. ಆದರೆ ಅಪ್ಪನ ಮೂರು ಅಂಕಿಗಳನ್ನು ಕಂಡ ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಪರಿಚಯದ ಡಾಕ್ಟರಿಗೆ ನಿಮ್ಮ ಹಿಂದಿನ ಅಂಕಿ ನೆನಪಿರುತ್ತೆ. ಹೊಸಬರಿಗೆ ಕಾಣೋದು ಇವತ್ತಿನ ಅಂಕಿ ಒಂದೇ.

ಇನ್ನು ಸಮಯ. 67 ದೇಶಗಳ ಲೆಕ್ಕ ಒಟ್ಟುಮಾಡಿದ 2017ರ ಒಂದು ಅಧ್ಯಯನದ ಪ್ರಕಾರ, ಒಬ್ಬ ರೋಗಿಗೆ ಡಾಕ್ಟರು ಕೊಡುವ ಸಮಯ ಬಾಂಗ್ಲಾದೇಶದಲ್ಲಿ ಸರಾಸರಿ 48 ಸೆಕೆಂಡ್, ಸ್ವೀಡನ್‌ನಲ್ಲಿ ಇಪ್ಪತ್ತೆರಡೂವರೆ ನಿಮಿಷ. ಪ್ರಪಂಚದ ಅರ್ಧ ಜನಕ್ಕೆ ಸಿಗೋದು ಐದು ನಿಮಿಷ ಅಥವಾ ಅದಕ್ಕಿಂತ ಕಡಿಮೆ. 48 ಸೆಕೆಂಡಿನಲ್ಲಿ ಮಾತ್ರೆ ಕವರು ಬಿಚ್ಚೋಕೂ ಆಗಲ್ಲ! ಇದಕ್ಕೆ ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ಹೊರಗೆ ನೂರು ಜನ ಕೂತಿದ್ದಾಗ ಬಿಪಿ ನೋಡೋದು, ಚೀಟಿ ಬರೆಯೋದು, ಹಳೇ ಫೈಲು ಹುಡುಕೋದು ಎಲ್ಲಾ ಒಬ್ಬರ ತಲೆ ಮೇಲೇ ಬಿದ್ದರೆ ಅವರಾದರೂ ಏನು ಮಾಡಿಯಾರು? ಅರ್ಧ ಕೆಲಸ ಚೆನ್ನಾಗಿ ಕಲಿತ ನರ್ಸ್ ಮಾಡಬಲ್ಲರು. ಎಷ್ಟೋ ಸಲ ಡಾಕ್ಟರಿಗಿಂತ ಚೆನ್ನಾಗಿಯೇ ಮಾಡುತ್ತಾರೆ, ಯಾಕಂದರೆ ನರ್ಸ್ ಹತ್ತಿರ ಜನ ಬಾಯಿಬಿಟ್ಟು ನಿಜ ಹೇಳುತ್ತಾರೆ. "ಮಾತ್ರೆ ನಿಲ್ಲಿಸಿಬಿಟ್ಟಿದ್ದೀನಿ ಸಿಸ್ಟರ್" ಅನ್ನೋ ಮಾತು ಡಾಕ್ಟರ ಎದುರು ಸುಲಭಕ್ಕೆ ಬಾಯಿಗೆ ಬರಲ್ಲ.

ಇದೆಲ್ಲ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ವೇಲ್ಸ್‌ನ ಗ್ಲಿನ್‌ಕೊರುಗ್ ಅನ್ನೋ ಗಣಿ ಕಾರ್ಮಿಕರ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ಒಬ್ಬ ಡಾಕ್ಟರಿದ್ದರು. ಕಾಯಿಲೆ ಅಂತ ಬಂದವರನ್ನಷ್ಟೇ ನೋಡಿ ಕಳಿಸದೆ, 1960ರ ದಶಕದಲ್ಲೇ ತಮ್ಮ ಪಟ್ಟಿಯಲ್ಲಿದ್ದ ವಯಸ್ಕರ ಬಿಪಿಯನ್ನೆಲ್ಲ ಅಳೆಯೋಕೆ ಹೊರಟರು. ಬಾರದೆ ಉಳಿದವರನ್ನು ಅವರೂ ಅವರ ತಂಡದವರೂ ಹುಡುಕಿ ಕರೆದರು. ಬಂದವರನ್ನು ಮಾತ್ರ ನೋಡುವ ಕ್ಲಿನಿಕ್ಕು ಬಾರದವರನ್ನು ಮರೆತುಬಿಡುತ್ತೆ. ಹೆಚ್ಚಾಗಿ ಬಾರದೆ ಉಳಿಯುವವರೇ ಬಡವರು, ಕೂಲಿ ಬಿಟ್ಟು ಬರಲಾಗದವರು. ಆರೈಕೆಯ ಅಗತ್ಯ ಎಲ್ಲಿ ಜಾಸ್ತಿಯೋ ಅಲ್ಲೇ ಒಳ್ಳೆಯ ಆರೈಕೆ ಕಡಿಮೆ ಸಿಗುತ್ತೆ ಅಂತ 1971ರಲ್ಲಿ ಅವರು ಬರೆದ ಲೇಖನವನ್ನು ಈಗಲೂ ಜನ ಓದುತ್ತಾರೆ.

ದುಡ್ಡು ಯಾವುದಕ್ಕೆ ಕೊಡುತ್ತೀರಿ ಅನ್ನೋದೂ ಮುಖ್ಯ. ಬ್ರಿಟನ್ನಿನಲ್ಲಿ 2004ರಿಂದ ಶುಗರ್, ಅಸ್ತಮಾ ಮುಂತಾದ ಕಾಯಿಲೆಗಳಲ್ಲಿ ಗುರಿ ಮುಟ್ಟಿದ ಕ್ಲಿನಿಕ್ಕುಗಳಿಗೆ ಹೆಚ್ಚಿಗೆ ಹಣ ಕೊಟ್ಟರು. ಆ ಎರಡರ ಆರೈಕೆ ಸ್ವಲ್ಪ ಕಾಲ ಬೇಗ ಬೇಗ ಸುಧಾರಿಸಿತು. ಆದರೆ ತಮ್ಮದೇ ಡಾಕ್ಟರನ್ನು ಕಾಣೋದು ಮಾತ್ರ ಜನಕ್ಕೆ ಮೊದಲಿಗಿಂತ ಕಷ್ಟವಾಯಿತು. ಲೆಕ್ಕಕ್ಕೆ ಸಿಗುವುದಕ್ಕೆ ದುಡ್ಡು ಕೊಟ್ಟರೆ ಲೆಕ್ಕಕ್ಕೆ ಸಿಗದ್ದು ಮೂಲೆಗೆ ಬೀಳುತ್ತೆ, ಅಲ್ವಾ?

ಕೌಂಟರಿನಲ್ಲಿ ಕೂತವರ ಬಗ್ಗೆ ಯಾರೂ ಬರೆಯಲ್ಲ, ಅದಕ್ಕೇ ನಾನು ಬರೆಯುತ್ತೇನೆ. ಯಾರನ್ನು ಮೊದಲು ಒಳಗೆ ಬಿಡಬೇಕು ಅಂತ ಎಷ್ಟೋ ಕಡೆ ತೀರ್ಮಾನ ಮಾಡುವವರು ಅವರು. ಎದೆ ಹಿಡಿದುಕೊಂಡು ಬೆವರುತ್ತಾ ನಿಂತವರಿಗೂ ಮಾಮೂಲಿ ಟೋಕನ್ ಕೊಟ್ಟು ಕೂರಿಸಿದರೆ ಒಳಗಿರುವ ಡಾಕ್ಟರು ಎಷ್ಟು ಜಾಣರಾದರೇನು? ಕೌಂಟರಿನವರಿಗೆ ಯಾರೂ ಏನೂ ಕಲಿಸಿರಲ್ಲ. ಕಲಿಸಬೇಕು, ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು.

ದೊಡ್ಡ ಯಂತ್ರ ತಂದರೆ ಎಲ್ಲಾ ಸರಿಹೋಗುತ್ತೆ ಅನ್ನುವವರ ಜೊತೆ ನನಗೆ ಜಗಳವಿದೆ. ಅಪ್ಪನಿಗೆ ಬೇಕಾಗಿದ್ದದ್ದು ಯಂತ್ರವಲ್ಲ. ರಿಪೋರ್ಟ್ ಬಂದ ದಿನವೇ ಅದನ್ನು ತೆಗೆದು, ಹಿಂದಿನದರ ಪಕ್ಕದಲ್ಲಿಟ್ಟು, ಹೆಚ್ಚುಕಮ್ಮಿ ಇದ್ದರೆ ಫೋನ್ ಮಾಡುವ ಒಬ್ಬ ಮನುಷ್ಯ ಬೇಕಾಗಿತ್ತು. "ತೊಂದರೆ ಇದ್ದರೆ ಅವರೇ ಹೇಳ್ತಾರೆ ಬಿಡು" ಅಂತ ನಾವು ಕಾಯುತ್ತಿದ್ದೆವು. "ತೊಂದರೆ ಇದ್ದರೆ ಅವರೇ ಬರ್ತಾರೆ" ಅಂತ ಬಹುಶಃ ಅವರೂ ಕಾಯುತ್ತಿದ್ದರೇನೋ.

ಈಗ ಯಾವ ಕ್ಲಿನಿಕ್ಕಿಗೆ ಹೋದರೂ ನಾನು ಮೊದಲು ಎರಡು ವಿಷಯ ಕೇಳುತ್ತೇನೆ. ಮುಂದಿನ ಸಲವೂ ಇದೇ ಡಾಕ್ಟರು ಸಿಗುತ್ತಾರಾ? ರಿಪೋರ್ಟ್ ಬಂದಾಗ ಅದನ್ನು ನೋಡೋದು ಯಾರು, ಅವರ ಹೆಸರೇನು? ಕೆಲವರು ಮುಖ ಸಿಂಡರಿಸುತ್ತಾರೆ. ಮೊನ್ನೆ ಅಪ್ಪನ ರಕ್ತ ಮತ್ತೆ ಪರೀಕ್ಷೆಗೆ ಕೊಟ್ಟು ಬಂದೆವು. ಸಂಜೆ ಆರಕ್ಕೆ ಅದೇ ಸಿಸ್ಟರ್ ಫೋನ್ ಮಾಡಿ, "1.4 ಅಲ್ಲೇ ನಿಂತಿದೆ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ದಿನ ನಾನೇ ಬರ್ಕೊಂಡಿದ್ದೀನಿ" ಅಂದರು.